ಅಪ್ಪನ ಸಾಲ, ಅಕ್ಕತಂಗಿಯರ ಲೆಕ್ಕ

“ಅಲ್ರೀ ಮಾಸ್ತರ, ನಮ್ಮ ಮನ್ಯಾಗಿನ ಅಕ್ಕತಂಗೇರ ಅಳೂದು ಕೇಳಾಕ ನಮಗ ಪುರಸೊತ್ತಿಲ್ಲ. ನೀವು ಚೀನಾದವರ ಅಳೂ ಹೊತಗೊಂಡು ಬಂದೀರಿ!”

ಗಾಂಧಿ ಚೌಕದ ಹತ್ತಿರ ಎಣ್ಣೆ-ಬೆಲ್ಲದ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ನಮಗೆ ಹೀಗೆಂದರು. ಅವರ ಅಂಗಡಿಯ ಮಾಳಿಗೆಯ ಕೋಣೆಯಲ್ಲಿಯೇ ನಾವು ರವಿವಾರ ಸಂಜೆ ಪುಸ್ತಕ ಓದುವುದು; ಬಾಡಿಗೆ ಕೇಳದೆ ಕೋಣೆ ಬಿಟ್ಟುಕೊಟ್ಟವರು ಅವರೇ. ಆದ್ದರಿಂದ ಅವರ ಮಾತನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ಮೇಲಾಗಿ ಆ ಮಾತಿನ ಮೊದಲ ಅರ್ಧ ಸತ್ಯವಾದದ್ದು. ಮನೆಯ ಅಕ್ಕತಂಗಿಯರ ಅಳುವನ್ನು ಕೇಳಲು ನಮಗೆ ಪುರಸೊತ್ತಿಲ್ಲ. ಕಿವಿಗೆ ಬಿದ್ದರೂ ‘ಹೆಂಗಸರ ಜಗಳ’ ಎಂದು ಹೆಗಲ ಮೇಲಿನ ಟಾವೆಲ್ಲು ಝಾಡಿಸಿ ಎದ್ದು ಹೋಗುತ್ತೇವೆ. ದೂರದೇಶದ ಕತೆಯಾದರೆ ಕುಳಿತು ಕೇಳುತ್ತೇವೆ. ಅಲ್ಲಿ ನಮ್ಮ ಹೆಸರು ಬರುವ ಅಂಜಿಕೆ ಇಲ್ಲವಲ್ಲ! ಆದರೆ ಮೂರು ತಿಂಗಳ ಓದಿನ ತರುವಾಯ ಈ ಚೀನಾದ ಕತೆ ಬಬಲೇಶ್ವರದ ಒಂದು ಹಳ್ಳಿಯ ಕಟ್ಟೆಯ ಮೇಲೆ ಬಂದು ನಿಂತಿತು. ಆ ಸಂಗತಿಯನ್ನು ವಾಚಕರ ಮುಂದೆ ಇಡಬೇಕೆಂದೇ ಇದನ್ನು ಬರೆಯುತ್ತಿದ್ದೇವೆ.

ಪುಸ್ತಕದ ಹೆಸರು ‘ಶಾಂಘಾಯ್ ಗರ್ಲ್ಸ್’. ಬರೆದವರು ಲೀಸಾ ಸೀ ಎಂಬ ಅಮೆರಿಕದ ಲೇಖಕಿ. ಅವರ ಮುತ್ತಜ್ಜ ಚೀನಾದಿಂದ ಅಲ್ಲಿಗೆ ಹೋಗಿ ನೆಲೆಸಿದವರು. ಪ್ರಕಟವಾದದ್ದು 2009ರಲ್ಲಿ. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಿರುವ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ತಂದುಕೊಟ್ಟಳು. ಮೆಟ್ರಿಕ್ ಮಟ್ಟದ ನಮ್ಮ ಇಂಗ್ಲಿಷು ಎಷ್ಟಿದೆ ಎಂಬುದು ಊರಿಗೆಲ್ಲ ಗೊತ್ತು. ಒಂದು ಕೈಯಲ್ಲಿ ನಿಘಂಟು, ಇನ್ನೊಂದು ಕೈಯಲ್ಲಿ ಪುಸ್ತಕ. ವಾರವಿಡೀ ನಾವು ಓದುವುದು, ತೊಡಕಾದ ಕಡೆ ಆ ಹುಡುಗಿ ಬಿಡಿಸಿ ಹೇಳುವುದು, ರವಿವಾರ ಅಷ್ಟನ್ನು ನಮ್ಮ ಮಾತಿನಲ್ಲಿ ಮಂದಿಗೆ ಹೇಳುವುದು, ಹೀಗೆ ನಡೆಯಿತು. ಕೇಳಲು ಬಂದವರು ಜಿನ್ನಿಂಗ್ ಗಿರಣಿಯಲ್ಲಿ ಹತ್ತಿ ಹೆಕ್ಕುವ ಹೆಣ್ಣುಮಕ್ಕಳು, ಮಾರ್ಕೆಟ್ಟಿನ ಹಮಾಲರು, ಚಹದ ಗಾಡಿಯವರು, ಎರಡು-ಮೂರು ಕಿರಾಣಿ ವ್ಯಾಪಾರಿಗಳು. ಹದಿನೈದು ಮಂದಿ ಕೂಡಿದರೆ ದೊಡ್ಡ ಸಭೆ.

ಕತೆ ಇಷ್ಟು. 1937ನೆಯ ಇಸವಿ, ಶಾಂಘಾಯ್ ಪಟ್ಟಣ. ಪರ್ಲ್ ಮತ್ತು ಮೇ ಎಂಬ ಅಕ್ಕತಂಗಿಯರು. ಅಪ್ಪನಿಗೆ ಮನುಷ್ಯರು ಎಳೆಯುವ ರಿಕ್ಷಾಗಳ ವ್ಯಾಪಾರ, ಮನೆಯಲ್ಲಿ ಆಳುಕಾಳು. ಈ ಹುಡುಗಿಯರು ಕ್ಯಾಲೆಂಡರಿನ ಚಿತ್ರಗಳಿಗೆ ಚಿತ್ರಕಾರನೆದುರು ಕುಳಿತು ನಾಲ್ಕು ಕಾಸು ದುಡಿಯುತ್ತಾರೆ, ರೇಷ್ಮೆ ಉಟ್ಟು ತಿರುಗುತ್ತಾರೆ. ಒಂದು ದಿನ ಅಪ್ಪ ಇಬ್ಬರನ್ನೂ ಕೂಡ್ರಿಸಿ, ಜೂಜಿನಲ್ಲಿ ಎಲ್ಲವೂ ಹೋಯಿತು, ಸಾಲ ಕೊಟ್ಟವರು ಗೂಂಡಾಗಳ ಟೋಳಿಯವರು, ನಿಮ್ಮಿಬ್ಬರ ಮದುವೆಯನ್ನು ಅಮೆರಿಕದಿಂದ ಬಂದ ಒಬ್ಬ ಚೀನೀ ಮುದುಕನ ಮಕ್ಕಳ ಜೊತೆ ಗೊತ್ತುಮಾಡಿದ್ದೇನೆ, ಎಂದುಬಿಡುತ್ತಾನೆ. ಮದುವೆ ಎಂಬುದು ಹೆಸರಿಗೆ. ಅದು ಮಾರಾಟ. ತಂಗಿಗೆ ಸಿಕ್ಕ ಗಂಡ 14 ವರ್ಷದ ಹುಡುಗ.

ಅಷ್ಟರಲ್ಲಿ ಜಪಾನಿನ ಬಾಂಬುಗಳು ಬೀಳುತ್ತವೆ. ಅಪ್ಪ ಎಲ್ಲಿಗೋ ಕಾಣೆಯಾಗುತ್ತಾನೆ. ಕಟ್ಟಿದ ಪಾದಗಳ ತಾಯಿಯನ್ನು ಕರೆದುಕೊಂಡು ಹೆಣ್ಣುಮಕ್ಕಳು ಓಡುತ್ತಾರೆ. ದಾರಿಯ ಒಂದು ಗುಡಿಸಲಿನಲ್ಲಿ ತಂಗಿಯನ್ನು ಅಡಗಿಸಿಟ್ಟು, ತಾಯಿಯೂ ಅಕ್ಕನೂ ಸೈನಿಕರ ಎದುರು ಬರುತ್ತಾರೆ. ಅಲ್ಲಿ ನಡೆದ ಅತ್ಯಾಚಾರವನ್ನು ನಾವು ಮಾಳಿಗೆಯ ಕೋಣೆಯಲ್ಲಿ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದೆವು. ಇಲ್ಲಿಯೂ ಅಷ್ಟೇ ಸಾಕು. ತಾಯಿ ಸಾಯುತ್ತಾಳೆ. ಜೀವ ಇದ್ದೂ ಇಲ್ಲದಂತಿದ್ದ ಅಕ್ಕನನ್ನು ತಂಗಿ ಒತ್ತುಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸುತ್ತಾಳೆ. ಕೊನೆಗೆ ದಾರಿ ಕಾಣದೆ, ತಮ್ಮನ್ನು ಕೊಂಡ ಆ ಮುದುಕನ ಮನೆಗೇ ಹಡಗು ಹತ್ತುತ್ತಾರೆ. ತಂಗಿಯ ಹೊಟ್ಟೆಯಲ್ಲಿ ಕೂಸು. ಅದರ ತಂದೆ ಮದುವೆಯಾದ ಹುಡುಗನಲ್ಲ. ಅಮೆರಿಕದ ಬಾಗಿಲಲ್ಲಿರುವ ಏಂಜೆಲ್ ದ್ವೀಪದ ಕಟಕಟೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಲ್ಪಟ್ಟಾಗ ಗುಟ್ಟಾಗಿ ಹೆತ್ತು, ಆ ಹೆಣ್ಣುಕೂಸನ್ನು ಅಕ್ಕನ ಉಡಿಗೆ ಹಾಕುತ್ತಾಳೆ. ಅಂದಿನಿಂದ ಅಕ್ಕ ತಾಯಿ, ತಾಯಿ ಚಿಕ್ಕಮ್ಮ.

ಇಲ್ಲಿಯವರೆಗೆ ಕೇಳಿದ ಮೇಲೆಯೇ ನಮ್ಮ ಅಂಗಡಿಯ ಹಿರಿಯರು ಮೇಲಿನ ಮಾತನ್ನಾಡಿದ್ದು. ಅವರಿಗೆ ನಾವು ಹೇಳಿದ ಉತ್ತರ ಬೇರೆಯದು. ಚೀನಾ ನಮಗೆ ಅಷ್ಟೊಂದು ದೂರವಲ್ಲ. ಸೊಲ್ಲಾಪುರದಷ್ಟು ದೂರ, ಎಂದೆವು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅಜ್ಜಂದಿರು ಸೊಲ್ಲಾಪುರದ ಗಿರಣಿಗಳಲ್ಲಿ ಪಾಳಿ ಮಾಡಿದವರು. ಅದೇ ಊರಿನಲ್ಲಿ 1910ರಲ್ಲಿ ಹುಟ್ಟಿದವರು ಡಾಕ್ಟರ ದ್ವಾರಕಾನಾಥ ಕೋಟಣೀಸ. ಈ ಕಾದಂಬರಿಯ ಅಕ್ಕತಂಗಿಯರು ಯಾವ ಸೈನ್ಯದಿಂದ ತಪ್ಪಿಸಿಕೊಂಡು ಓಡಿದರೋ, ಅದೇ ಸೈನ್ಯದ ಗುಂಡಿಗೆ ಗಾಯಗೊಂಡವರ ಶುಶ್ರೂಷೆಗೆಂದು 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಐವರು ಭಾರತೀಯ ವೈದ್ಯರಲ್ಲಿ ಅವರೊಬ್ಬರು. ತಂದೆ ತೀರಿಕೊಂಡ ಸುದ್ದಿ ಚೀನಾದಲ್ಲಿಯೇ ತಿಳಿಯಿತು, ಹಿಂದಿರುಗಲಿಲ್ಲ. ಅಲ್ಲಿಯೇ ದಾದಿಯಾಗಿದ್ದ ಗುವೊ ಚಿಂಗ್‌ಲಾನ್ ಎಂಬವರನ್ನು ಮದುವೆಯಾದರು, ಗಂಡುಮಗುವಾಯಿತು, 1942ರ ಡಿಸೆಂಬರ 9ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕತೆಯನ್ನು 1946ರಲ್ಲಿ ಶಾಂತಾರಾಮರು ಸಿನೇಮಾ ಮಾಡಿದರು. ಡಾಕ್ಟರರ ಹೆಸರು ಎಲ್ಲರಿಗೂ ಗೊತ್ತು. ಅವರ ದಾರಿ ಕಾಯುತ್ತ ಉಳಿದ ತಂಗಿಯರ ಸಂಗತಿ ಯಾರಿಗೆ ಗೊತ್ತು? 2013ರಲ್ಲಿ ಚೀನಾದ ಪ್ರಧಾನಿ ಲೀ ಕೆಚಿಯಾಂಗ್ ಮುಂಬಯಿಗೆ ಬಂದಾಗ, 90 ದಾಟಿದ ಸೋದರಿ ಮನೋರಮಾ ಅವರನ್ನು ಭೆಟ್ಟಿಯಾದರು. ಅಣ್ಣ ಹೋಗಿ 70 ವರ್ಷಗಳಾದ ಮೇಲೆಯೂ ಆ ಮನೆಯ ಹೆಣ್ಣುಮಗಳು ಆ ನಂಟನ್ನು ಹಿಡಿದುಕೊಂಡು ಕುಳಿತಿದ್ದಳು. ಹಿರಿಯರು ಇಷ್ಟನ್ನು ಕೇಳಿ, “ಹಂಗಾರ ಮುಂದ ಓದ್ರಿ” ಎಂದರು.

ಮುಂದೆ ಓದಿದೆವು. ಆದರೆ ಮಂದಿ ಮುಂದೆ ಬರಲೊಲ್ಲರು. ಅವರ ಮನಸ್ಸು ಮೊದಲನೆಯ ಅಧ್ಯಾಯದಲ್ಲಿಯೇ, ಅಪ್ಪನ ಸಾಲದ ಹತ್ತಿರವೇ ಸಿಕ್ಕಿಬಿದ್ದಿತ್ತು. ಹತ್ತಿ ಹೆಕ್ಕುವ ಒಬ್ಬ ನಡುವಯಸ್ಸಿನ ತಾಯಿ ಕೇಳಿದಳು: “ಆ ಅಪ್ಪ ಆಡಿದ ಜೂಜಿನ ಲೆಕ್ಕ ಯಾರು ಬರದಿಟ್ರಿ?” ಕಿರಾಣಿಯವರೊಬ್ಬರು ತಮ್ಮ ಮೇಲೆ ಬಂತೇನೋ ಎಂಬಂತೆ, “ಉದ್ರಿ ಬರ್ಯಾವ್ರು ಎಲ್ಲಾರೂ ಗೂಂಡಾ ಅಲ್ಲವ್ವಾ, ನಾವೂ ಬರೀತೀವಿ” ಎಂದರು. ನಗೆಯಾಯಿತು. ಅವರ ಮಾತು ಸರಿಯೇ. ಸಂತೆಯ ದಿನ ಕೊಡುತ್ತೇನೆಂದು ಒಯ್ದ ಎರಡು ಕಿಲೋ ಬೇಳೆಯ ಉದ್ರಿಗೂ, ಹೆಣ್ಣುಮಕ್ಕಳ ಮೈಮೇಲೆ ಬೆಲೆ ಕಟ್ಟುವ ಸಾಲಕ್ಕೂ ಅಜಗಜಾಂತರ. ಆದರೆ ಆ ತಾಯಿಯ ಪ್ರಶ್ನೆ ಅದಾಗಿರಲಿಲ್ಲ. ಸಾಲ ಮಾಡಿದವನು ಅಪ್ಪ, ತೀರಿಸಿದವರು ಹೆಣ್ಣುಮಕ್ಕಳು, ಹಾಗಾದರೆ ಅವರು ತೀರಿಸಿದ್ದನ್ನು ಯಾವ ಖಾತೆಯಲ್ಲಿ ಜಮಾ ಮಾಡಿಕೊಂಡರು, ಎಂಬುದು ಅವಳ ಪ್ರಶ್ನೆ. ಈ ಕಾದಂಬರಿಯ ಬಗ್ಗೆ ಇದಕ್ಕಿಂತ ಹರಿತವಾದ ವಿಮರ್ಶೆಯನ್ನು ನಾವು ಎಲ್ಲಿಯೂ ಓದಿಲ್ಲ.

ಏಕೆಂದರೆ ಜಮಾ ಆಗುವುದೇ ಇಲ್ಲ. 20 ವರ್ಷಗಳ ಕಾಲ ಈ ಅಕ್ಕತಂಗಿಯರು ಲಾಸ್ ಏಂಜಲೀಸಿನಲ್ಲಿ ಮಾವನ ಅಂಗಡಿ-ಖಾನಾವಳಿಗಳಲ್ಲಿ ದುಡಿಯುತ್ತಾರೆ. ಆ ಕೂಸು ಬೆಳೆದು ಕಾಲೇಜಿಗೆ ಹೋಗುತ್ತದೆ. ಎಲ್ಲ ಕಷ್ಟಗಳು ಮುಗಿದವು ಎನ್ನುವಷ್ಟರಲ್ಲಿ ಅಕ್ಕತಂಗಿಯರ ನಡುವೆ ಮಹಾ ಜಗಳ. ಗುಡಿಸಲಿನಲ್ಲಿ ನಿನ್ನನ್ನು ಉಳಿಸಲು ನಾನು ಸೈನಿಕರ ಎದುರು ಬಂದೆ, ಎಂದು ಅಕ್ಕನ ಲೆಕ್ಕ. ನನ್ನ ಹೊಟ್ಟೆಯ ಮಗುವನ್ನೇ ನಿನಗೆ ಕೊಟ್ಟೆ, ಎಂದು ತಂಗಿಯ ಲೆಕ್ಕ. ಅಪ್ಪ ಅವ್ವನಿಗೆ ನೀನೇ ಮೇಲಾಗಿದ್ದೆ, ಎಂದು ಇಬ್ಬರ ದೂರೂ. ಒಬ್ಬಳು 20 ವರ್ಷದಿಂದ ಬರೆದಿಟ್ಟುಕೊಂಡ ಬಾಕಿಯನ್ನು ಇನ್ನೊಬ್ಬಳು ಒಪ್ಪಲೊಲ್ಲಳು. ಮರೆಯಲ್ಲಿದ್ದ ಮಗಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಇಷ್ಟಾದರೂ ಅವರ ಬಾಯಲ್ಲಿ ಜೂಜಾಡಿದ ಅಪ್ಪನ ಬಾಕಿ ಬರುವುದಿಲ್ಲ, ಬಾಂಬು ಹಾಕಿದವರ ಬಾಕಿ ಬರುವುದಿಲ್ಲ, ದ್ವೀಪದಲ್ಲಿ ಕೂಡಿಹಾಕಿದ ಸರಕಾರದ ಬಾಕಿ ಬರುವುದಿಲ್ಲ. ಬಡವರ ಮನೆಯಲ್ಲಿ ವಸೂಲಿ ನಡೆಯುವುದು ಯಾವಾಗಲೂ ಕೈಗೆಟಕುವವರ ಮೇಲೆ.

ಆ ಸರಕಾರದ ಸಂಗತಿಯನ್ನೂ ಸ್ವಲ್ಪ ಹೇಳಬೇಕು. ಚೀನಾದ ಕೂಲಿಕಾರರು ಒಳಗೆ ಬರಬಾರದೆಂದು ಅಮೆರಿಕ 1882ರಲ್ಲಿ ಕಾಯಿದೆ ಮಾಡಿತು; ಯುದ್ಧದಲ್ಲಿ ಚೀನಾ ತನ್ನ ಮಿತ್ರ ದೇಶವಾದ ಮೇಲೆ, 1943ರಲ್ಲಿ, ಅದನ್ನು ತೆಗೆಯಿತು. ತೆಗೆದು, ವರ್ಷಕ್ಕೆ 105 ಚೀನೀಯರು ಬರಬಹುದು ಎಂದಿತು. ಏಂಜೆಲ್ ದ್ವೀಪದ ಠಾಣೆ 1910ರಿಂದ 1940ರವರೆಗೆ ನಡೆಯಿತು. ನಿಮ್ಮ ಊರಿನಲ್ಲಿ ಬಾವಿ ಯಾವ ದಿಕ್ಕಿಗೆ, ಮನೆಗೆ ಮೆಟ್ಟಿಲೆಷ್ಟು, ಓಣಿಯಲ್ಲಿ ಮನೆಗಳೆಷ್ಟು, ಎಂದು ಕೇಳಿ ಕೇಳಿ, ಉತ್ತರ ತಾಳೆಯಾಗದಿದ್ದರೆ ಹಿಂದಕ್ಕೆ ಅಟ್ಟುತ್ತಿದ್ದರು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದದ್ದರಿಂದ, ತಾನು ಇಲ್ಲಿಯೇ ಹುಟ್ಟಿದವನೆಂದು ಹೇಳಿ, ಇಲ್ಲದ ಮಕ್ಕಳ ಹೆಸರು ಬರೆಸಿ, ಆ ಹೆಸರುಗಳನ್ನು ಬೇರೆಯವರಿಗೆ ಮಾರುವ ದಾರಿ ಹುಟ್ಟಿತು. ಇಂಥವರನ್ನು ಕಾಗದದ ಮಕ್ಕಳು ಎನ್ನುತ್ತಿದ್ದರು. ಕಾದಂಬರಿಯಲ್ಲಿ ಅಕ್ಕನ ಗಂಡ ಸ್ಯಾಮ್ ಅಂಥ ಕಾಗದದ ಮಗ. ನಿಜದಲ್ಲಿ ಅವನು ಶಾಂಘಾಯ್‌ನಲ್ಲಿ ರಿಕ್ಷಾ ಎಳೆದವನು. 1950ರ ದಶಕದ ನಡುವೆ ಸರಕಾರ, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡರೆ ಕಾಗದಪತ್ರ ಸರಿಮಾಡಿಕೊಡುತ್ತೇವೆ ಎಂದು ಹೊರಟಿತು. ತಂಗಿ ಅದನ್ನು ನಂಬಿ, ಒಳ್ಳೆಯದಾಗುತ್ತದೆಂದು ಭಾವನ ಗುಟ್ಟನ್ನು ಹೇಳುತ್ತಾಳೆ. ಪೋಲೀಸರು ಬೆನ್ನುಬಿದ್ದು, ಸ್ಯಾಮ್ ಉರುಲು ಹಾಕಿಕೊಳ್ಳುತ್ತಾನೆ. ಅಕ್ಕತಂಗಿಯರ ಜಗಳಕ್ಕೆ ಕಿಡಿ ಬಿದ್ದದ್ದು ಅಲ್ಲಿ.

ಇಷ್ಟು ಮುಗಿದಾಗ ಆ ವಿದ್ಯಾರ್ಥಿನಿ, ಈ ಕತೆಯನ್ನು ತಮ್ಮೂರ ಕಡೆಯೂ ಹೇಳಬೇಕೆಂದು ಹಟ ಹಿಡಿದಳು. ಅವಳ ಊರು ತಿಕೋಟಾದ ಹತ್ತಿರ. ಹೋದೆವು. ತಿಕೋಟಾದ ದಾರಿ ಪಟ್ಟಣದಿಂದ ಪಶ್ಚಿಮಕ್ಕೆ. ಅದೇ ಮಗ್ಗುಲಿಗೆ, ಹೊಲಗಳ ನಡುವೆ ಸಾಠ ಕಬರ್ ಇದೆ. ಬಿಜಾಪುರದ ಸರದಾರ ಅಫಜಲಖಾನನು 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಡುವ ಮುಂಚೆ, ತಾನು ಹಿಂದಿರುಗುವುದಿಲ್ಲವೆಂಬ ಜೋಯಿಸರ ಮಾತು ಕೇಳಿ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿಸಿದನೆಂದು ಹೇಳುತ್ತ ಬಂದಿದ್ದಾರೆ. ಸತ್ಯವೋ ದಂತಕತೆಯೋ, ಕಪ್ಪುಕಲ್ಲಿನ ಅರವತ್ತಕ್ಕೂ ಮಿಕ್ಕಿದ ಗೋರಿಗಳಂತೂ ಒಂದೇ ಅಳತೆಯಲ್ಲಿ ಸಾಲಾಗಿ ಮಲಗಿವೆ. ಖಾನನ ಹೆಸರು ಇತಿಹಾಸದ ಪ್ರತಿಯೊಂದು ಪುಸ್ತಕದಲ್ಲಿದೆ. ಅವರಲ್ಲಿ ಅಕ್ಕತಂಗಿಯರು ಎಷ್ಟು ಮಂದಿ ಇದ್ದರು, ತವರು ಎಲ್ಲಿ, ಹೆಸರೇನು, ಯಾರೂ ಹೇಳುವುದಿಲ್ಲ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಹುಡುಗರನ್ನು ಅಲ್ಲಿಗೆ ಕರೆದೊಯ್ದು ಗೋರಿ ಎಣಿಸಲು ಹಚ್ಚುತ್ತಿದ್ದೆವು. ಎಣಿಕೆಯ ಪಾಠ ಚೆನ್ನಾಗಿಯೇ ಆಗುತ್ತಿತ್ತು!

ತಿಕೋಟಾದ ಸೀಮೆ ಈಗ ದ್ರಾಕ್ಷಿ ಪಡಗಳ ಸೀಮೆ. ಕತ್ತರಿಸುವ, ಅದ್ದುವ, ಒಣಹಾಕುವ, ಮನೂಕ ಆರಿಸುವ ಕೆಲಸಕ್ಕೆ ಹೆಣ್ಣಾಳುಗಳೇ ಬೇಕು. ಕೆಲಸ ಬಿಟ್ಟು ಬಂದ ಇಪ್ಪತ್ತು ಮಂದಿ ಹೆಣ್ಣುಮಕ್ಕಳು ಸಮಾಜಮಂದಿರದ ಜಗುಲಿಯಲ್ಲಿ ಕುಳಿತರು. ಅವರಿಗೆ ಅಪ್ಪನ ಸಾಲದ ಬಗ್ಗೆ ಅಚ್ಚರಿಯೇ ಆಗಲಿಲ್ಲ. ತಾಂಡಾದಿಂದ ಬಂದ ಒಬ್ಬ ಹೆಣ್ಣುಮಗಳು ಕಬ್ಬಿನ ಗ್ಯಾಂಗಿಗೆ ಮಹಾರಾಷ್ಟ್ರಕ್ಕೆ ಹೋಗಿಬಂದವಳು. ಅಲ್ಲಿ ಗಂಡಹೆಂಡಿರ ಜೋಡಿಗೆ ಒಂದು ‘ಕೊಯ್ತಾ’ ಎಂದು ಲೆಕ್ಕ. ಮುಂಗಡ ಕೊಡುವುದು ಜೋಡಿಯ ಮೇಲೆ. “ಜೋಡಿ ಇಲ್ದಾವಗ ಉಚಲ ಕಡಿಮಿರಿ. ಅದಕ್ಕ ದಿವಾಳಿ ಮುಂಚೇನ ಲಗ್ನ ಮಾಡ್ತಾರ. ನಮ್ಮ ತಂಗೀದೂ ಹಂಗ ಆತು” ಎಂದಳು. ಅವಳ ದನಿಯಲ್ಲಿ ದುಃಖವೇನೂ ಕೇಳಿಸಲಿಲ್ಲ; ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. ನಾವು ಶಾಂಘಾಯ್‌ನ ಮುದುಕನನ್ನು ಎಷ್ಟು ಬೈದಿದ್ದೆವೋ ಅಷ್ಟೂ ನಮ್ಮ ಬಾಯಲ್ಲಿಯೇ ಒಣಗಿತು.

ಅಲ್ಲಿ ವಾದ ಹತ್ತಿದ್ದು ಬೇರೆ ವಿಷಯಕ್ಕೆ. ಅಕ್ಕ ಸರಿಯೋ, ತಂಗಿ ಸರಿಯೋ? ಅಕ್ಕನಾಗಿ ಹುಟ್ಟಿದವರೆಲ್ಲ ಒಂದು ಕಡೆ, ತಂಗಿಯಾಗಿ ಹುಟ್ಟಿದವರೆಲ್ಲ ಇನ್ನೊಂದು ಕಡೆ. ನಾವು ನಡುವೆ ಬಾಯಿ ಹಾಕಲಿಲ್ಲ. ಅಕ್ಕ ತಾಯಿಯಾದಳು, ಆದರೆ ಆ ತಾಯ್ತನವನ್ನು ತಂಗಿಗೆ ಒಂದು ದಿನವೂ ಮರೆಯಲು ಬಿಡಲಿಲ್ಲ, ಎಂದು ಒಬ್ಬ ಹುಡುಗಿ ಹೇಳಿದ ಮಾತಿಗೆ ಮುದುಕಿಯರೂ ತಲೆದೂಗಿದರು. ಕತೆಯ ಕೊನೆಯಲ್ಲಿ ಮಗಳು ಜಾಯ್, ಕೇಳಿದ ಸತ್ಯವನ್ನು ತಾಳಲಾರದೆ ಹೆತ್ತಪ್ಪನನ್ನು ಹುಡುಕುತ್ತ ಹೊಸ ಚೀನಾಕ್ಕೆ ಓಡಿಹೋಗುತ್ತಾಳೆ. ಅಕ್ಕ ಅವಳ ಬೆನ್ನುಹತ್ತುತ್ತಾಳೆ. ಅಲ್ಲಿ ಅವಳಿಗೆ ಒಳ್ಳೆಯದಾಯಿತೇ, ಎಂದು ಎಲ್ಲರೂ ಕೇಳಿದರು. ಅದು 2011ರಲ್ಲಿ ಬಂದ ಮುಂದಿನ ಕಾದಂಬರಿಯ ಕತೆ. ನಮ್ಮ ಪತ್ರಿಕೆಯ ಬಣ್ಣ ನೋಡಿ ಉತ್ತರವನ್ನು ಸಿಹಿ ಮಾಡುವುದು ನಮ್ಮಿಂದಾಗಲಿಲ್ಲ. ಜಾಯ್ ಸೇರಿದ್ದು ಒಂದು ಹಳ್ಳಿಯ ಕಮ್ಯೂನು. 1958ರಿಂದ ‘ಮಹಾ ಜಿಗಿತ’ದ ಹೆಸರಿನಲ್ಲಿ ಧಾನ್ಯ ಹೆಚ್ಚು ಬೆಳೆದಿದೆ ಎಂದು ಸುಳ್ಳು ಲೆಕ್ಕ ಬರೆದು ಮೇಲಕ್ಕೆ ಕಳಿಸಿದರು, ಆ ಸುಳ್ಳಿನ ಮೇಲೆ ಧಾನ್ಯ ಎತ್ತಿಕೊಂಡು ಹೋದರು, 1961ರವರೆಗೆ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಬಡವರ ಹೆಸರಿನ ಸರಕಾರವೇ ಸುಳ್ಳು ಖಾತೆ ಬರೆದಾಗ ಸಾಯುವವರು ಬಡವರೇ. ಬಿಳಿಯರ ಸರಕಾರದಲ್ಲಿ ನಮ್ಮ ನೆಲದಲ್ಲಿಯೂ ಇದು ಆಗಿದೆ. 1872ರ ಗಣತಿಯಲ್ಲಿ 8 ಲಕ್ಷ ದಾಟಿದ್ದ ಆಗಿನ ಕಲಾದಗಿ ಜಿಲ್ಲೆಯ ಜನ, 1876-78ರ ಬರದ ತರುವಾಯ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿದ್ದರು. ತಿಕೋಟಾ, ಬಬಲೇಶ್ವರ ಎಲ್ಲವೂ ಅದರಲ್ಲಿಯೇ ಇದ್ದವು.

ಬಬಲೇಶ್ವರದ ಸುತ್ತಿನ ಒಂದು ಹಳ್ಳಿಗೆ ಹೋದದ್ದು ಮರುವಾರ. ಅಲ್ಲಿ ಕತೆ ಅರ್ಧಕ್ಕೆ ನಿಂತಿತು. ಜಗಳದ ಅಧ್ಯಾಯ ಹೇಳುತ್ತಿದ್ದಾಗ ಕಟ್ಟೆಯ ಈ ತುದಿಗೆ ಕುಳಿತ ಐವತ್ತರ ಮೇಲಿನ ಹೆಣ್ಣುಮಗಳೊಬ್ಬಳು ಎದ್ದು ಹೊರಟಳು. ಆ ತುದಿಗೆ ಕುಳಿತವಳು ಸೆರಗಿನಲ್ಲಿ ಮೋರೆ ಮುಚ್ಚಿಕೊಂಡಳು. ಇಬ್ಬರೂ ಒಡಹುಟ್ಟಿದವರು, ಒಂದೇ ಊರಿಗೆ ಕೊಟ್ಟವರು, 20 ವರ್ಷಗಳಿಂದ ಒಬ್ಬರಿಗೊಬ್ಬರು ಮಾತಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಸಂಗತಿ ಹೀಗಿದೆ, ಇದನ್ನು ಕಾಯಿದೆಯ ಸಮೇತ ಹೇಳಬೇಕು, ಏಕೆಂದರೆ ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಗಂಟುಗಳಿವೆ. ಅಕ್ಕನ ಮದುವೆ 1991ರಲ್ಲಿ, ತಂಗಿಯದು 1997ರಲ್ಲಿ. ಹಿಂದೂ ವಾರಸಾ ಕಾಯಿದೆಗೆ ನಮ್ಮ ರಾಜ್ಯ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಿಂದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಸಮ ಪಾಲು ಎಂದು ಅದು ಹೇಳಿತು. ಒಳ್ಳೆಯ ಕಾಯಿದೆ, ದೇಶಕ್ಕಿಂತ ಮೊದಲು ಬಂದ ಕಾಯಿದೆ. ಆದರೆ ಅದಕ್ಕಿಂತ ಮುಂಚೆ ಮದುವೆಯಾದ ಮಗಳಿಗೆ ಪಾಲಿಲ್ಲ ಎಂದೂ ಹೇಳಿತು. ಅಂದರೆ ಒಂದೇ ಬಸಿರಿನಲ್ಲಿ ಹುಟ್ಟಿದ ಇಬ್ಬರಲ್ಲಿ ತಂಗಿಗೆ ಹಕ್ಕು, ಅಕ್ಕನಿಗೆ ಇಲ್ಲ. 2003ರಲ್ಲಿ ಅಪ್ಪ ಇಬ್ಬರು ಗಂಡುಮಕ್ಕಳಿಗೆ ವಾಟ್ನಿ ಮಾಡಿದ. ಕಾರಣವೂ ಇತ್ತು: ಹೊಡೆಸಿದ ಬೋರುಗಳೆಲ್ಲ ಒಣಗಿ ಸಾಲ ಏರಿತ್ತು, ಖಾತೆ ಬೇರೆಯಾದರೆ ಸೊಸೈಟಿಯಲ್ಲಿ ಬೇರೆ ಬೇರೆ ಸಾಲ ಸಿಗುತ್ತಿತ್ತು. ಪಂಚಮಿಗೆ ಕರೆತಂದ ತಂಗಿಯನ್ನು ನೋಂದಣಿ ಕಚೇರಿಗೆ ಒಯ್ದು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಮಾಡಿಸಿದರು. ಒಂದು ಸೀರೆ, ಒಂದು ತೊಲಿ ಬಂಗಾರ. ಅಕ್ಕನ ಸಹಿ ಬೇಕಾಗಲಿಲ್ಲ. ಆದ್ದರಿಂದ ಅವಳನ್ನು ಕರೆಯಲೂ ಇಲ್ಲ.

2005ರ ಸೆಪ್ಟೆಂಬರ 9ರಿಂದ ಇಡೀ ದೇಶಕ್ಕೆ ಹೊಸ ತಿದ್ದುಪಡಿ ಬಂದು, ಮದುವೆ ಯಾವಾಗಲೇ ಆಗಿರಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದಾಯಿತು. 2020ರ ಆಗಸ್ಟ್ 11ರಂದು ಸುಪ್ರೀಮ್ ಕೋರ್ಟು, 2005ರಲ್ಲಿ ಅಪ್ಪ ಬದುಕಿರಲಿ ಇಲ್ಲದಿರಲಿ ಈ ಹಕ್ಕಿಗೆ ಬಾಧೆಯಿಲ್ಲ ಎಂದು ಸ್ಪಷ್ಟ ಮಾಡಿತು. ಆದರೆ 2004ರ ಡಿಸೆಂಬರ 20ಕ್ಕಿಂತ ಮುಂಚೆ ನೋಂದಣಿಯಾದ ವಾಟ್ನಿಗಳನ್ನು ಮುಟ್ಟುವಂತಿಲ್ಲ. ಈ ಮನೆಯ ಕಾಗದ ಸುಮಾರು ಒಂದೂವರೆ ವರ್ಷದಿಂದ ಪಾರಾಯಿತು, ಅಕ್ಕತಂಗಿಯರು ಮುಳುಗಿದರು.

ಒಣಭೂಮಿಯಾಗಿದ್ದಾಗ ಯಾರಿಗೂ ಅದರ ಚಿಂತೆಯಿರಲಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಬಂತು, ಕೆರೆಗಳು ತುಂಬಿದವು, ಎಕರೆಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುವಂತಾಯಿತು. ನೀರು ಬರಬೇಕೆಂದು ನಾವೂ ಕೂಗಿದವರೇ. ನೀರಿನ ಜೊತೆಗೆ ಹಳೆಯ ಲೆಕ್ಕಗಳೂ ಚಿಗುರುತ್ತವೆ ಎಂಬುದು ನಮಗೆ ಹೊಳೆದಿರಲಿಲ್ಲ. ಈಗ ಅಕ್ಕನ ಮಾತು: “ಪಾಲು ಆಕೀಗಿತ್ತು. ನನ್ನ ಒಂದು ಮಾತ ಕೇಳಲಿಲ್ಲ. ಒಂದು ತೊಲಿ ಬಂಗಾರಕ್ಕ ಬರ್ಕೊಟ್ಟು ಬಂದ್ಲು. ಇಟಗೊಂಡಿದ್ರ ನನಗೂ ಒಂದು ತುಂಡು ಕೊಡ್ತಿದ್ಲೋ ಇಲ್ಲೋ?” ತಂಗಿಯ ಮಾತು: “ಹಬ್ಬಕ್ಕ ಕರ್ದು ಅಪ್ಪ ಸಹಿ ಮಾಡು ಅಂದ. ತವರ ಬೇಕಂದ್ರ ಮಾಡಬೇಕಿತ್ತು. ಯಕ್ಕ ಆವತ್ತು ಎಲ್ಲಿದ್ಲು? ಇಚಲಕರಂಜ್ಯಾಗ ಮಗ್ಗಕ್ಕ ಹೋಗಿದ್ಲು.” ಇಬ್ಬರನ್ನೂ ಬೇರೆ ಬೇರೆಯಾಗಿ, ಅವರವರ ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಿದೆವು. ಎರಡೂ ಮನೆಯಲ್ಲಿ ಚಹ ಕುಡಿದೆವು. ಇಬ್ಬರೂ ಒಂದು ಸಲವೂ ಅಪ್ಪನ ಹೆಸರೆತ್ತಿ ದೂರಲಿಲ್ಲ. ಅಪ್ಪ ತೀರಿಹೋಗಿದ್ದಾನೆ, ಅವನ ಫೋಟೋಕ್ಕೆ ಎರಡೂ ಮನೆಯಲ್ಲಿ ಹಾರವಿದೆ. ಅಣ್ಣತಮ್ಮಂದಿರನ್ನೂ ದೂರಲಿಲ್ಲ. ಅವರೇನೂ ಸಾವಕಾರರಲ್ಲ ಎಂಬುದನ್ನೂ ಹೇಳಬೇಕು; ಒಬ್ಬನ ಹೊಲದ ಉತಾರೆಯ ಮೇಲೆ ಬ್ಯಾಂಕಿನ ಬೋಜಾ ಇನ್ನೂ ಇದೆ.

ನಮ್ಮಲ್ಲಿ ಕೆಲವರು, ಮಾಸ್ತರರು ಹೋಗಿ ಮನೆ ಒಡೆಯುವ ಕೆಲಸಕ್ಕೆ ಇಳಿದಿದ್ದಾರೆ, ಎಂದು ಆಡಿಕೊಂಡದ್ದು ಕಿವಿಗೆ ಬಿದ್ದಿದೆ. ಸಣ್ಣ ವ್ಯಾಪಾರಿಗಳಿಗೆ ಈ ಅಂಜಿಕೆ ಹೆಚ್ಚು. ಹೆಣ್ಣುಮಕ್ಕಳು ಪಾಲು ಕೇಳಿದರೆ ಅಂಗಡಿ ಎರಡು ಹೋಳಾಗುತ್ತದೆ, ಬಂಡವಾಳ ಕರಗುತ್ತದೆ, ಎನ್ನುತ್ತಾರೆ. ಅಂಜಿಕೆ ಸುಳ್ಳಲ್ಲ. ಆದರೆ ಗಂಡುಮಕ್ಕಳು ನಾಲ್ವರಿದ್ದು ಅಂಗಡಿ ನಾಲ್ಕು ಹೋಳಾದಾಗ ಯಾರೂ ಅದನ್ನು ಮನೆ ಒಡೆಯುವ ಕೆಲಸವೆನ್ನಲಿಲ್ಲ. ಪೂಜೆ ಮಾಡಿಸಿ ಹೊಸ ಬೋರ್ಡು ಹಾಕಿದರು. ತವರು ಬೇಕೋ ಪಾಲು ಬೇಕೋ ಎಂದು ಮಗಳನ್ನು ಕೇಳುವ ಅಪ್ಪ, ಮಗನನ್ನು ಆ ಪ್ರಶ್ನೆ ಕೇಳುವುದಿಲ್ಲ. ಕೊಡಲಾಗದಿದ್ದರೆ ಕೊಡಲಾಗದೆಂದು ಕೂಡ್ರಿಸಿಕೊಂಡು ಹೇಳಲಿ, ಸಾಲವೆಷ್ಟು ಬೆಲೆಯೆಷ್ಟು ಎಂದು ಕಿರ್ದಿ ತೆರೆದು ತೋರಿಸಲಿ. ಹಬ್ಬದ ಹೆಸರಿನಲ್ಲಿ ಕರೆದು ಕಚೇರಿಯ ಕಟ್ಟೆ ಹತ್ತಿಸುವುದು ಬೇಡ. ಅಕ್ಕತಂಗಿಯರಿದ್ದರೆ ಇಬ್ಬರಿಗೂ ಒಂದೇ ದಿನ, ಒಂದೇ ಮಾತು ಹೇಳಲಿ.

ಕಾದಂಬರಿಯಲ್ಲಿ ದೋಷಗಳಿಲ್ಲವೆಂದಲ್ಲ. ಕಷ್ಟದ ಮೇಲೆ ಕಷ್ಟ ಒಟ್ಟಿ ಓದುವವರ ಉಸಿರು ಕಟ್ಟಿಸುವ ಚಟ ಲೇಖಕಿಗಿದೆ. ಒಂದೆರಡು ಸಾವುಗಳು ಕಡಿಮೆಯಾಗಿದ್ದರೆ ಕತೆಗೆ ನಷ್ಟವಿರಲಿಲ್ಲ. ಅಪ್ಪನ ರಿಕ್ಷಾಗಳನ್ನು ಎಳೆದ ಮಂದಿಯ ಹೆಸರು ಕೂಡ ಮೊದಲ ನೂರು ಪುಟಗಳಲ್ಲಿ ನಮಗೆ ಸಿಗಲಿಲ್ಲ. ಅವರ ಬೆನ್ನಿನ ಮೇಲೆಯೇ ಆ ರೇಷ್ಮೆ, ಆ ಮನೆ, ಆ ಜೂಜು ನಿಂತದ್ದು; ಮಗಳನ್ನು ಮದುವೆಯಾದವನು ಅವರಲ್ಲಿ ಒಬ್ಬನೆಂದು ಕೊನೆಗೆ ತಿಳಿದಾಗ ಲೇಖಕಿ ಅದನ್ನು ಇನ್ನಷ್ಟು ಹಿಂಜಬೇಕಿತ್ತು. ಹಮಾಲರೊಬ್ಬರು ಇದನ್ನು ನಮಗಿಂತ ಮೊದಲೇ ಹಿಡಿದರು. “ಎಳ್ದಾವನ ಕತಿ ಬ್ಯಾರೆ ಐತೇನ್ರಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಬಬಲೇಶ್ವರದ ಹಳ್ಳಿಯಲ್ಲಿ ಅರ್ಧಕ್ಕೆ ನಿಂತ ಕತೆಯನ್ನು ಮುಗಿಸಲು ಕಳೆದ ರವಿವಾರ ಮತ್ತೆ ಹೋಗಿದ್ದೆವು. ಅಕ್ಕ ಬಂದಿರಲಿಲ್ಲ. ತಂಗಿ ಮುಂದಿನ ಸಾಲಿನಲ್ಲಿ ಕುಳಿತು ಕಡೆಯವರೆಗೂ ಕೇಳಿದಳು. ಮಂದಿ ಎದ್ದುಹೋದ ಮೇಲೆ ಹತ್ತಿರ ಬಂದು, ಆ ಚೀನಾದ ತಂಗಿ ಅಕ್ಕನಿಗೆ ಆಮೇಲೆ ಕಾಗದ ಬರೆದಳೇ, ಎಂದು ಕೇಳಿದಳು. ಎರಡನೆಯ ಪುಸ್ತಕ ನಮ್ಮ ಕೈಗೆ ಇನ್ನೂ ಪೂರ್ತಿ ಬಂದಿಲ್ಲ, ಹುಡುಗಿ ಹೇಳಿದಷ್ಟೇ ಗೊತ್ತು, ಓದಿ ಹೇಳುತ್ತೇವೆ ಎಂದೆವು. “ಓದಿದ ಮ್ಯಾಲೆ ಮೊದಲ ಯಕ್ಕನ ಮನಿಗೆ ಹೋಗಿ ಹೇಳ್ರಿ. ನಾ ಹೇಳಿದೆ ಅನಬ್ಯಾಡ್ರಿ” ಎಂದು ಹೇಳಿ, ಕೊನೆಯ ಬಸ್ಸು ಬರುವ ಹೊತ್ತಾಯಿತೆಂದು ನಮ್ಮನ್ನು ಎಬ್ಬಿಸಿದಳು.